ಮನೆಗೆ ಸೋಲಾರ್: ಬಾಡಿಗೆಗೋ, ಸ್ವಂತಕ್ಕೋ?

ನಮ್ಮ ಕಡೆ ಟೆರೇಸ್ ಮನೆ ಇರುವವರಿಗೆ ಈಗ ಸೋಲಾರ್‌ನವರ ಫೋನು ತಪ್ಪಿದ್ದಲ್ಲ. ಕೆಲವರು “ಸಬ್ಸಿಡಿ ಉಂಟು, ಸ್ವಂತಕ್ಕೆ ಹಾಕಿಸಿಕೊಳ್ಳಿ” ಅನ್ನುತ್ತಾರೆ. ಇನ್ನು ಕೆಲವರದ್ದು ಬೇರೆ ಮಾತು: “ಉಮ್ಮಾ, ನಿಮ್ಮ ಕೈಯಿಂದ ಒಂದು ರೂಪಾಯಿ ಬೇಡ. ಟೆರೇಸ್ ಕೊಟ್ಟರೆ ಸಾಕು, ಪ್ಯಾನೆಲ್ ನಮ್ಮದು. ತಿಂಗಳು ತಿಂಗಳು ಬಾಡಿಗೆ ಕೊಡಿ.” ಎರಡೂ ಕೇಳಲು ಚೆಂದ. ಆದರೆ ಒಮ್ಮೆ ಸಹಿ ಹಾಕಿದರೆ ಹತ್ತಿಪ್ಪತ್ತು ವರ್ಷ ಅದರ ಜೊತೆಗೇ ಬಾಳಬೇಕು. ಹಾಗಾಗಿ ಸಹಿಗೆ ಮೊದಲು ಪೆನ್ನು ಹಿಡಿದು ಲೆಕ್ಕ ಹಾಕುವುದು ಒಳ್ಳೆಯದು.

ಮೊದಲು ಬಿಲ್ಲು ನೋಡಿ

ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುತ್ತಿರುವ ಮನೆಗೆ ಸೋಲಾರ್ ಉಳಿಸಿಕೊಡುವುದು ಏನೂ ಇಲ್ಲ. ಉಳಿಸಲು ಮೊದಲು ಬಿಲ್ಲು ಇರಬೇಕಲ್ಲ! ಎಸಿ, ಎರಡು ಫ್ರಿಜ್, ನೀರಿನ ಪಂಪು ಇರುವ ಕೂಡು ಕುಟುಂಬಗಳಲ್ಲಿ ತಿಂಗಳಿಗೆ ಮುನ್ನೂರು, ನಾನೂರು ಯೂನಿಟ್ ಓಡುತ್ತದೆ. ಅಂಥವರಿಗೆ ಈ ವಿಷಯ ಮುಖ್ಯ.

ಗಲ್ಫ್‌ನಲ್ಲಿರುವವರು ಕಟ್ಟಿಸಿ ವರ್ಷದಲ್ಲಿ ಹತ್ತು ತಿಂಗಳು ಬೀಗ ಹಾಕಿರುವ ಮನೆಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಅಲ್ಲಿ ಹುಟ್ಟುವ ಕರೆಂಟೆಲ್ಲ ಮೆಸ್ಕಾಂ ಲೈನಿಗೆ ಹೋಗುತ್ತದೆ. ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ. “ಮನೆ ಖಾಲಿ ಇದ್ದರೂ ಸೋಲಾರ್ ದುಡಿಯುತ್ತದೆ” ಎಂಬ ಮಾತನ್ನು ಪೂರ್ತಿ ನಂಬಬೇಡಿ.

ಮಾಡು ಕೂಡ ನೋಡಬೇಕು. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಜಾಗ ಬೇಕು, ತೆಂಗಿನ ಮರದ ನೆರಳು ಬೀಳಬಾರದು. ಮಳೆಗೆಂದು ಟೆರೇಸ್ ಮೇಲೆ ಶೀಟ್ ಹಾಕಿಸಿದ್ದರೆ ಅದರ ಕಬ್ಬಿಣದ ಫ್ರೇಮು ಪ್ಯಾನೆಲ್‌ನ ಭಾರ, ಗಾಳಿಯ ಹೊಡೆತ ತಡೆಯುತ್ತದೋ ಎಂದು ತಿಳಿದವರಿಗೆ ತೋರಿಸಿ.

ಸ್ವಂತಕ್ಕೆ ಕೊಂಡರೆ

ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ. ಭಾರತದಲ್ಲೇ ತಯಾರಾದ ಪ್ಯಾನೆಲ್ ಹಾಕಿಸಿದರೆ ಮಾತ್ರ ಅದು ಸಿಗುತ್ತದೆ.

ಮೂರು ಕಿಲೋವ್ಯಾಟ್‌ಗೆ ಎಲ್ಲ ಸೇರಿ ಎರಡು ಲಕ್ಷ ಆಯಿತು ಎಂದಿಟ್ಟುಕೊಳ್ಳೋಣ. ಸಬ್ಸಿಡಿ ಕಳೆದರೆ ನಮ್ಮ ಕೈಯಿಂದ 1,22,000. ನಮ್ಮ ಜೋರು ಮಳೆಯ ನಾಲ್ಕು ತಿಂಗಳನ್ನೂ ಸೇರಿಸಿ ವರ್ಷದ ಸರಾಸರಿಯಲ್ಲಿ ತಿಂಗಳಿಗೆ 300 ಯೂನಿಟ್ ಸಿಕ್ಕಿತು, ಅಷ್ಟನ್ನೂ ಮನೆಯಲ್ಲೇ ಬಳಸಿದೆವು ಎಂದು ಹಿಡಿಯಿರಿ. ಯೂನಿಟ್‌ಗೆ 6 ರೂಪಾಯಿಯಂತೆ ತಿಂಗಳಿಗೆ 1,800, ವರ್ಷಕ್ಕೆ 21,600 ಉಳಿತಾಯ. ಹಾಕಿದ ಹಣ ಐದಾರು ವರ್ಷದಲ್ಲಿ ವಾಪಸ್. ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ 25 ವರ್ಷದ ಉತ್ಪಾದನಾ ವಾರಂಟಿ ಇರುತ್ತದೆ. ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆಯಾದರೂ ಬದಲಿಸಬೇಕಾದೀತು. ಆ ಖರ್ಚು ನಮ್ಮದೇ. ಸಿಡಿಲು ಹೊಡೆದರೆ, ಸಮುದ್ರದ ಉಪ್ಪು ಗಾಳಿಗೆ ಸ್ಟ್ಯಾಂಡ್ ತುಕ್ಕು ಹಿಡಿದರೆ ಅದೂ ನಮ್ಮದೇ.

ಬಾಡಿಗೆಗೆ ತಗೊಂಡರೆ

ಇಲ್ಲಿ ಬಂಡವಾಳ ಕಂಪೆನಿಯದ್ದು. ನಾವು ಕೊಡುವುದು ತಿಂಗಳಿಗಿಷ್ಟು ಬಾಡಿಗೆ, ಇಲ್ಲವೇ ಬಳಸಿದ ಯೂನಿಟ್‌ಗೆ ಇಷ್ಟು ಎಂಬ ದರ. ಸೂರ್ಯ ಘರ್ ಯೋಜನೆಯಲ್ಲೂ ಈ ದಾರಿಗೆ ಅವಕಾಶ ಇದೆ. 2024ರ ಡಿಸೆಂಬರ್‌ನಲ್ಲಿ ಅದರ ನಿಯಮ ಬಂತು. ಕನಿಷ್ಠ ಐದು ವರ್ಷದ ಕರಾರಿನ ಅವಧಿ ಮುಗಿದ ಮೇಲೆ ಪ್ಲಾಂಟ್ ಮನೆಯವರ ಹೆಸರಿಗೆ ಬರುತ್ತದೆ. ಯೋಜನೆಯ ಹೊರಗೆ ಮಾಡುವ ಖಾಸಗಿ ಕರಾರಿಗೆ ಈ ರಕ್ಷಣೆ ಇಲ್ಲ. ಯಾವುದರಲ್ಲಿ ಸಹಿ ಹಾಕುತ್ತಿದ್ದೇವೆ ಎಂಬುದು ಮೊದಲು ಗೊತ್ತಿರಬೇಕು.

ಯೂನಿಟ್‌ಗೆ 4.50ರಂತೆ ಕಂಪೆನಿ ಕರೆಂಟ್ ಕೊಟ್ಟರೆ ಅದೇ 300 ಯೂನಿಟ್‌ಗೆ 1,350 ಕೊಡುತ್ತೇವೆ. ಉಳಿಯುವುದು ತಿಂಗಳಿಗೆ 450, ಐದು ವರ್ಷಕ್ಕೆ 27,000. ಕೈಯಿಂದ ಏನೂ ಹಾಕದವರಿಗೆ ಇದು ಲಾಭವೇ. ಐದು ವರ್ಷಕ್ಕೆ ಪ್ಲಾಂಟ್ ನಮ್ಮದಾದರೆ ಇನ್ನೂ ಲಾಭ. ಅದೇ ಕರಾರು 20 ವರ್ಷದ್ದಾದರೆ ಕಥೆ ಬೇರೆ. ಸ್ವಂತಕ್ಕೆ ಹಾಕಿಸಿದ ಪಕ್ಕದ ಮನೆಯವರು ವರ್ಷಕ್ಕೆ 21,600 ಉಳಿಸುತ್ತಿರುವಾಗ ನಾವು 5,400ರಲ್ಲೇ ಇರುತ್ತೇವೆ.

ಕರಾರಿನ ಒಳಪುಟದಲ್ಲಿ ಇನ್ನೊಂದು ಸಾಲು ಇರಬಹುದು: “ದರ ವರ್ಷಕ್ಕೆ ಶೇಕಡಾ 3 ಏರುತ್ತದೆ.” ಸಣ್ಣದಾಗಿ ಕಾಣುತ್ತದೆ. ಆದರೆ ಹತ್ತು ಸಲ ಏರಿದಾಗ 4.50 ಇದ್ದದ್ದು 6 ರೂಪಾಯಿ ದಾಟುತ್ತದೆ. ಮೆಸ್ಕಾಂ ದರವೂ ಏರುತ್ತದಲ್ಲ ಎನ್ನುತ್ತೀರಾ? ಪ್ರತಿ ವರ್ಷ ಏರಲೇಬೇಕೆಂದಿಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದಲ್ಲಿ 100 ಯೂನಿಟ್‌ಗಿಂತ ಹೆಚ್ಚು ಬಳಸುವ ಮನೆಗಳಿಗೆ ಯೂನಿಟ್‌ಗೆ 1.10 ರೂಪಾಯಿ ಇಳಿದಿತ್ತು. ಸೋಲಾರ್ ಬಾಡಿಗೆ ಮೊದಲೇ ಬಲವಾಗಿ ಬೆಳೆದ ಅಮೆರಿಕದಲ್ಲಿ ಮನೆಯವರ ದೊಡ್ಡ ದೂರುಗಳೂ ಇವೇ: ವರ್ಷ ವರ್ಷ ಏರುವ ದರ, ಮತ್ತು ಮನೆ ಮಾರಲು ಹೊರಟಾಗ ಕರಾರು ಕಾಲಿಗೆ ತೊಡರಿಕೊಳ್ಳುವುದು.

ಬಡ್ಡಿಯ ಪ್ರಶ್ನೆ

ಸೋಲಾರ್‌ಗೆ ಬ್ಯಾಂಕ್ ಸಾಲ ನಮ್ಮ ಜಿಲ್ಲೆಗಳಿಗೆ ಹೊಸತಲ್ಲ. ಕರಾವಳಿಯಲ್ಲೇ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳು 2003ರಲ್ಲೇ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಬೆಂಬಲದಿಂದ ಮನೆ ಸೋಲಾರ್‌ಗೆ ಸಾಲ ಕೊಡಲು ಶುರು ಮಾಡಿದ್ದವು. ಸೂರ್ಯ ಘರ್‌ನಲ್ಲೂ ಅಡವಿಲ್ಲದ ಸಾಲ ಸಿಗುತ್ತದೆ. ಶೇಕಡಾ 7ರಂತೆ 1,20,000 ರೂಪಾಯಿ ಐದು ವರ್ಷಕ್ಕೆ ತೆಗೆದರೆ ಬಡ್ಡಿಯೇ ಸುಮಾರು 22,500 ಆಗುತ್ತದೆ.

ಬಡ್ಡಿ ಬೇಡ ಎನ್ನುವವರು ನಮ್ಮಲ್ಲಿ ತುಂಬ ಜನ. ಅವರಿಗೆ ಬಾಡಿಗೆ ಸುಲಭದ ದಾರಿಯಾಗಿ ಕಾಣುತ್ತದೆ. ಆದರೆ ಹೆಸರು ಬಾಡಿಗೆ ಎಂದಿದ್ದ ಮಾತ್ರಕ್ಕೆ ಸಾಲದು. ಇಜಾರದಲ್ಲಿ ವಸ್ತು ಯಾರದ್ದೋ ಅದರ ನಷ್ಟವೂ ಅವರದ್ದೇ. ಬಾಡಿಗೆದಾರ ಕೊಡುವುದು ಉಪಯೋಗದ ಬೆಲೆ ಮಾತ್ರ. ಸಿಡಿಲಿಗೆ ಪ್ಯಾನೆಲ್ ಹೋದರೂ, ಇನ್ವರ್ಟರ್ ಸುಟ್ಟು ಮೂರು ತಿಂಗಳು ಕರೆಂಟೇ ಬರದಿದ್ದರೂ ಕಂತು ಕಟ್ಟಲೇಬೇಕು, ರಿಪೇರಿಯೂ ನಮ್ಮದೇ ಎಂದು ಬರೆದಿದ್ದರೆ ಅದು ಬಾಡಿಗೆಯ ಅಂಗಿ ತೊಟ್ಟ ಸಾಲ. ಸಂಶಯ ಇದ್ದರೆ ಕರಾರಿನ ಪ್ರತಿಯನ್ನೇ ಉಸ್ತಾದರ ಮುಂದಿಟ್ಟು ಕೇಳಿ, ಏಜೆಂಟರ ಬಾಯಿಮಾತನ್ನಲ್ಲ. ಮನೆಯವರೇ, ಸಂಬಂಧಿಕರೇ ಸೇರಿ ಬಡ್ಡಿಯಿಲ್ಲದೆ ಹಣ ಹೊಂದಿಸಿಕೊಂಡರೆ ಎಲ್ಲಕ್ಕಿಂತ ಮೇಲು. ತಿಂಗಳಿಗೆ ಉಳಿಯುವ 1,800ರಲ್ಲೇ ಅದನ್ನು ತೀರಿಸಬಹುದು.

ಸಹಿಗೆ ಮುನ್ನ ಕೇಳಬೇಕಾದ್ದು

* ಕರಾರು ಎಷ್ಟು ವರ್ಷದ್ದು? ಮುಗಿದ ಮೇಲೆ ಪ್ಲಾಂಟ್ ಯಾರದ್ದು?
* ಸಬ್ಸಿಡಿ ಯಾರ ಖಾತೆಗೆ? ಕಂಪೆನಿಗೆ ಹೋಗುವುದಾದರೆ ಬಾಡಿಗೆಯಲ್ಲಿ ಅಷ್ಟು ಕಡಿಮೆ ಮಾಡಿದ್ದಾರೋ?
* ದರ ಏರುತ್ತದೋ? ಎಷ್ಟು?
* ಕರೆಂಟ್ ಬರದ ತಿಂಗಳು ಬಾಡಿಗೆ ಉಂಟೋ?
* ಟೆರೇಸ್‌ಗೆ ತೂತು ಹೊಡೆದು ಮಳೆಗಾಲದಲ್ಲಿ ಸೋರಿದರೆ ಹೊಣೆ ಯಾರದ್ದು?
* ಮೇಲೊಂದು ಮಾಳಿಗೆ ಕಟ್ಟಬೇಕಾದರೆ, ಮನೆ ಮಾರಬೇಕಾದರೆ ಏನು?

ಇದರ ಜೊತೆ ನಮ್ಮ ಮನೆಯೊಳಗಿನ ವಿಷಯವೂ ಉಂಟು. ಆರ್.ಆರ್. ನಂಬರ್ ಇನ್ನೂ ತೀರಿಹೋದ ಬಾಪರ ಹೆಸರಲ್ಲೇ ಇರುತ್ತದೆ, ಪಾಲು ಆಗಿರುವುದಿಲ್ಲ. ಮೊದಲು ಮೀಟರಿನ ಹೆಸರು ಬದಲಿಸಿ. ಇಪ್ಪತ್ತು ವರ್ಷದ ಕರಾರಿಗೆ ಒಬ್ಬ ಮಗ ಸಹಿ ಹಾಕಿದರೆ ನಾಳೆ ಪಾಲಿನ ಹೊತ್ತಿಗೆ ಅಣ್ಣತಮ್ಮಂದಿರು, ಅಕ್ಕತಂಗಿಯರ ನಡುವೆ ಮಾತು ಬರಬಹುದು. ಹಕ್ಕುದಾರರೆಲ್ಲರೂ, ಹೆಣ್ಣುಮಕ್ಕಳೂ ಸೇರಿ, ಮೊದಲೇ ಕೂತು ಒಪ್ಪಿಕೊಳ್ಳುವುದು ಲೇಸು.

ಇನ್ನೊಂದು ಮಾತು. ಬ್ಯಾಟರಿ ಇಲ್ಲದೆ ಮೆಸ್ಕಾಂ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನಿನಲ್ಲಿ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿದ್ದಾರೆ. ಮಳೆಗಾಲದ ರಾತ್ರಿ ಲೈಟು ಬೇಕಿದ್ದರೆ ಬ್ಯಾಟರಿಗೆ ಬೇರೆಯೇ ಖರ್ಚು.

ಒಟ್ಟಿನಲ್ಲಿ ಹೇಳುವುದಾದರೆ, ಬಡ್ಡಿಯಿಲ್ಲದ ಹಣ ಹೊಂದಿಸಲು ಆಗುತ್ತದೆ, ಮನೆ ನಮ್ಮ ಹೆಸರಲ್ಲೇ ಇದೆ, ಬಿಲ್ಲೂ ದೊಡ್ಡದು ಅಂತಾದರೆ ಸ್ವಂತಕ್ಕೆ ಕೊಳ್ಳುವುದೇ ಲಾಭ. ಕೈಯಲ್ಲಿ ಹಣ ಇಲ್ಲ, ಆದರೆ ಬಿಲ್ಲು ಭಾರ ಅನ್ನುವವರಿಗೆ ಯೋಜನೆಯೊಳಗಿನ, ಕಡಿಮೆ ಅವಧಿಯ ಬಾಡಿಗೆ ನಡೆದೀತು. ರಿಪೇರಿಯ ಭಾರವನ್ನು ನಮ್ಮ ತಲೆಗೆ ಕಟ್ಟಿ, ದರವನ್ನೂ ಏರಿಸುವ ದೀರ್ಘ ಕರಾರಿಗೆ ಮಾತ್ರ ಸಹಿ ಬೇಡ. ಬಿಲ್ಲು ಸೊನ್ನೆ ಇರುವವರು ಫೋನ್ ಬಂದರೆ ಸಲಾಂ ಹೇಳಿ ಇಟ್ಟುಬಿಡಿ.