ಹೊಸ ಕಂಪ್ಯೂಟರ್ ಬಂತು, ಈ-ಮೇಲ್ ಏಕೆ ಬರಲಿಲ್ಲ?



ಕಛೇರಿಗೆ ಹೊಸ ಕಂಪ್ಯೂಟರ್ ಬಂದ ದಿನ ಎಲ್ಲರಿಗೂ ಸಂಭ್ರಮ. ಪೆಟ್ಟಿಗೆ ಬಿಚ್ಚಿ, ಕುಂಕುಮ ಹಚ್ಚಿ, ಪೇಡಾ ಹಂಚಿದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಕೂಗು ಏಳುತ್ತದೆ: "ಮೇಲ್ ಬರ್ತಾ ಇಲ್ಲ!" 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು, ಹಳೆಯ ಯಂತ್ರ ಬದಲಿಸಲು ಅದೂ ಒಂದು ಕಾರಣ. ಮುಂಬಯಿಯಾಗಲಿ, ಪುಣೆಯಾಗಲಿ, ಪ್ರತ್ಯೇಕ ತಂತ್ರಜ್ಞರಿಲ್ಲದ ಸಣ್ಣ ಕಛೇರಿಯಲ್ಲಿ ಎಲ್ಲರ ಕಣ್ಣೂ ಬೀಳುವುದು ನಿಮ್ಮಂತಹ ಕಿರಿಯರ ಮೇಲೆಯೇ. ಆಗ ಗಾಬರಿ ಬೇಡ. ಕ್ರಮವಾಗಿ ನೋಡುತ್ತ ಹೋದರೆ ದೋಷ ಸಿಕ್ಕೇ ಸಿಗುತ್ತದೆ.

ಮೊದಲ ಕೆಲಸ, ಬ್ರೌಸರ್ ತೆರೆದು ಅದರಲ್ಲೇ ನಿಮ್ಮ ಮೇಲ್ ನೋಡುವುದು. ಅಲ್ಲಿ ಪತ್ರಗಳು ಕಂಡರೆ ಇಂಟರ್‌ನೆಟ್ಟೂ ಸರಿ, ಖಾತೆಯೂ ಸರಿ. ದೋಷವಿರುವುದು ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನ ಹೊಂದಾಣಿಕೆಯಲ್ಲಿ. ಯಾವ ತಾಣವೂ ತೆರೆಯದಿದ್ದರೆ ಕೇಬಲ್, ವೈ-ಫೈ ನೋಡಿ. ಭದ್ರತೆಯ ಎಚ್ಚರಿಕೆ ಬಂದರೆ ಮೂಲೆಯ ಗಡಿಯಾರದ ಮೇಲೆ ಕಣ್ಣು ಹಾಯಿಸಿ. ದಿನಾಂಕವೋ ವರ್ಷವೋ ತಪ್ಪಿದ್ದರೆ ಸರ್ವರಿನ ಪ್ರಮಾಣಪತ್ರದ ಅವಧಿ ಮುಗಿದಿದೆಯೆಂದು ಯಂತ್ರ ಭಾವಿಸಿ ಸಂಪರ್ಕವನ್ನೇ ನಿರಾಕರಿಸುತ್ತದೆ.

ಎರಡನೆಯದಾಗಿ, ಪತ್ರ ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ ಎಂಬುದು ನೆನಪಿರಲಿ. ಪತ್ರ ತರುವುದು ಐಮ್ಯಾಪ್ ಅಥವಾ ಪಾಪ್. ಒಯ್ಯುವುದು ಎಸ್.ಎಂ.ಟಿ.ಪಿ. ಭದ್ರ ಸಂಪರ್ಕದಲ್ಲಿ ಐಮ್ಯಾಪ್‌ನ ಬಾಗಿಲು 993, ಪಾಪ್‌ನದು 995. ಕಳುಹಿಸಲು 587 ಅಥವಾ 465. ಬರುತ್ತದೆ ಆದರೆ ಹೋಗುವುದಿಲ್ಲ ಎಂದರೆ ಎಸ್.ಎಂ.ಟಿ.ಪಿ.ಯನ್ನಷ್ಟೇ ಪರೀಕ್ಷಿಸಿ. ಯಾರೋ ಹಳೆಯ ಚೀಟಿ ನೋಡಿ 25 ಎಂದು ತುಂಬಿರಬಹುದು. ಸ್ಪ್ಯಾಮ್ ತಡೆಯಲು ಅನೇಕ ಇಂಟರ್‌ನೆಟ್ ಕಂಪನಿಗಳು ಆ ಬಾಗಿಲನ್ನು ಮುಚ್ಚಿಬಿಟ್ಟಿವೆ. ಕಳುಹಿಸುವ ಸರ್ವರಿಗೂ ಹೆಸರು, ಪಾಸ್‌ವರ್ಡ್ ಕೊಡಬೇಕೆಂಬುದನ್ನೂ ಮರೆಯಬೇಡಿ.

"ಪಾಸ್‌ವರ್ಡ್ ಸರಿಯಾಗಿದೆ, ಆದರೂ ಒಪ್ಪುತ್ತಿಲ್ಲ" ಎಂಬುದು ಮೂರನೆಯ ದೂರು. ಬರೀ ಪಾಸ್‌ವರ್ಡ್ ಕೊಟ್ಟು ಒಳಹೋಗುವ ಹಳೆಯ ಪದ್ಧತಿಯನ್ನು ಗೂಗಲ್ 2022ರ ಮೇ ತಿಂಗಳಿಂದ ವೈಯಕ್ತಿಕ ಖಾತೆಗಳಲ್ಲಿ ನಿಲ್ಲಿಸತೊಡಗಿತು. ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ಎಕ್ಸ್‌ಚೇಂಜ್ ಆನ್‌ಲೈನ್‌ನ ಐಮ್ಯಾಪ್, ಪಾಪ್‌ಗಳಲ್ಲಿ ಅದನ್ನು ಮುಚ್ಚತೊಡಗಿತು. ಆದ್ದರಿಂದ ಹಳೆಯ ಔಟ್‌ಲುಕ್ಕನ್ನು ಹೊಸ ಯಂತ್ರಕ್ಕೆ ಹಾಕಿ ಹತ್ತು ಸಲ ಪಾಸ್‌ವರ್ಡ್ ಒತ್ತಿದರೂ ಪ್ರಯೋಜನವಿಲ್ಲ. ಹೊಸ ಆವೃತ್ತಿ ಹಾಕಿ, ಕಂಪನಿಯ ಸ್ವಂತ ಲಾಗಿನ್ ಪುಟದ ಮೂಲಕ ಒಳಹೋಗಿ. ಜೀಮೇಲ್‌ನಲ್ಲಾದರೆ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬಹುದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಹಳೆಯ ಕಂಪ್ಯೂಟರನ್ನು ಅವಸರದಲ್ಲಿ ಗುಜರಿಗೆ ಕೊಡಬೇಡಿ! ಐಮ್ಯಾಪ್‌ನಲ್ಲಿ ಪತ್ರಗಳು ಸರ್ವರಿನಲ್ಲೇ ಇರುತ್ತವೆ, ಹೊಸ ಯಂತ್ರದಲ್ಲೂ ಕಾಣುತ್ತವೆ. ಆದರೆ ಪಾಪ್ ಪದ್ಧತಿಯಲ್ಲಿ ಪತ್ರ ಯಂತ್ರಕ್ಕೆ ಇಳಿದ ಮೇಲೆ ಸರ್ವರಿನಿಂದ ಅಳಿಸಿಹೋಗಿರಬಹುದು. ವರ್ಷಗಟ್ಟಲೆಯ ಬಿಲ್ಲು, ಆರ್ಡರು, ಕರಾರುಗಳ ಒಂದೇ ಪ್ರತಿ ಆ ಹಳೆಯ ಡಿಸ್ಕಿನಲ್ಲಿರುತ್ತದೆ. ಔಟ್‌ಲುಕ್ ಆದರೆ ಪಿ.ಎಸ್.ಟಿ. ಎಂಬ ಕಡತ ಹುಡುಕಿ. ಔಟ್‌ಲುಕ್ ಮುಚ್ಚಿ, ಕಡತವನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಹೊಸ ಯಂತ್ರದಲ್ಲಿ ತೆರೆದು ನೋಡಿ. ಹಳೆಯ ಪತ್ರಗಳು ಕಂಡ ಮೇಲೆಯೇ ಹಳೆಯದಕ್ಕೆ ವಿದಾಯ ಹೇಳಿ. ಕೆಟ್ಟ ಮೇಲೆ ಬುದ್ಧಿ ಬಂದರೆ ಇಲ್ಲಿ ಉಪಯೋಗವಿಲ್ಲ.

ಎರಡು ಎಚ್ಚರಿಕೆಗಳು. ಆ್ಯಂಟಿವೈರಸ್ ಅಡ್ಡಬರುತ್ತಿದೆಯೇ ಎಂದು ಕ್ಷಣಕಾಲ ಆರಿಸಿ ನೋಡಿದರೂ ಕೂಡಲೇ ಮತ್ತೆ ಚಾಲೂ ಮಾಡಿ. "ಮೇಲ್ ಸರಿ ಮಾಡಿಕೊಡುತ್ತೇವೆ, ಓ.ಟಿ.ಪಿ. ಹೇಳಿ" ಎಂದು ತಾವಾಗಿಯೇ ಫೋನ್ ಮಾಡುವವರಿಗೆ ಒಂದಂಕಿಯನ್ನೂ ಹೇಳಬೇಡಿ. ಕಛೇರಿಯ ಈ-ಮೇಲ್ ಕಳ್ಳನ ಕೈ ಸೇರಿದರೆ ನಿಮ್ಮ ಗಿರಾಕಿಗೆ ನಿಮ್ಮ ಹೆಸರಿನಲ್ಲೇ ಬೇರೆ ಬ್ಯಾಂಕ್ ಖಾತೆಯ ನಂಬರು ಹೋಗಬಹುದು.

ಪರದೆಯ ಮೇಲೆ ಬರುವ ದೋಷದ ಸಂದೇಶವನ್ನು ಓದದೆ 'ಓಕೆ' ಒತ್ತುವ ಅಭ್ಯಾಸ ಬಿಡಿ. ಅದನ್ನು ಅಕ್ಷರಶಃ ಬರೆದಿಟ್ಟುಕೊಂಡರೆ ತಂತ್ರಜ್ಞರನ್ನು ಕರೆದಾಗಲೂ ಅರ್ಧ ಕೆಲಸ ಮುಗಿದಂತೆ. ಒಂದು ಸಲಕ್ಕೆ ಒಂದೇ ಹೊಂದಾಣಿಕೆ ಬದಲಿಸಿ, ಬದಲಿಸಿದ್ದನ್ನು ಗುರುತು ಮಾಡಿ. ರಿಪೇರಿಯಾದ ಮೇಲೆ ಸರ್ವರಿನ ಹೆಸರು, ಬಾಗಿಲ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಫೈಲಿನಲ್ಲಿಡಿ. ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯಬೇಡಿ. ಮುಂದಿನ ಸಲ ನೀವು ರಜೆಯಲ್ಲಿದ್ದರೂ ಆ ಹಾಳೆ ಕೆಲಸ ಮಾಡುತ್ತದೆ.