ಆಲ್ಕೊಹಾಲಿನ ತಂಪು, ಟ್ಯೂನರನ ಕಿವಿ

ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಕಾರಿನ ಒಂಬತ್ತನೇ ಆವೃತ್ತಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಅದರ 2 ಲೀಟರಿನ ಎಂಜಿನ್ನಿಗೆ 286 ಅಶ್ವಶಕ್ತಿ ಇತ್ತು. ಅದೇ ಎಂಜಿನ್ನಿನ ಪಿಸ್ಟನ್ ಮುಟ್ಟದೆ, ಸುತ್ತಲಿನ ಕೆಲವು ಭಾಗಗಳನ್ನು ಬದಲಿಸಿ 400 ಅಶ್ವಶಕ್ತಿ ದಾಟಿಸುವುದು ಅಲ್ಲಿನ ಗ್ಯಾರೇಜುಗಳಿಗೆ ಹೊಸದೇನಲ್ಲ. ಈ ಕೆಲಸ ಮಾಡುವವರನ್ನು ಟ್ಯೂನರ್ ಎನ್ನುತ್ತಾರೆ. ಅವರ ಕೈಗೆ ಸಿಕ್ಕಿರುವ ಮುಖ್ಯ ಸರಕು ಬಂಕಿನಲ್ಲೇ ದೊರೆಯುವ ಇ85. ಎಥೆನಾಲ್ ಹೆಚ್ಚು, ಪೆಟ್ರೋಲ್ ಕಡಿಮೆ ಇರುವ ಮಿಶ್ರಣ ಅದು.

ಇಂಧನದ ಮಾತಿಗೆ ಮೊದಲು ಗಾಳಿಯ ಮಾತು. ಹೊಗೆಯ ರಭಸದಿಂದ ತಿರುಗುವ ಟರ್ಬೊ, ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಇಂಧನ ಉರಿಸಬಹುದು. ಆದರೆ ಒತ್ತಿದ ಗಾಳಿ ಕಾಯುತ್ತದೆ. 30 ಡಿಗ್ರಿಯ ಗಾಳಿಯನ್ನು 20 ಪಿಎಸ್ಐ ಒತ್ತಡಕ್ಕೆ ಏರಿಸಿದರೆ ಅದು ಟರ್ಬೊದಿಂದ ಹೊರಬೀಳುವಾಗ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಮುಂದಿನ ಬಂಪರಿನ ಹಿಂದೆ ಕೂರಿಸಿರುವ ಇಂಟರ್‌ಕೂಲರ್ ಅದನ್ನು ಸಾಕಷ್ಟು ತಣಿಸುತ್ತದೆ, ಪೂರ್ತಿ ಅಲ್ಲ.

ಈ ಉಳಿದ ಬಿಸಿಯೇ ತೊಡಕು. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹುಟ್ಟಿದ ಜ್ವಾಲೆ ಸಿಲಿಂಡರಿನ ಅಂಚಿಗೆ ಹಬ್ಬಲು ಒಂದೆರಡು ಮಿಲಿಸೆಕೆಂಡ್ ಬೇಕು. ಅಷ್ಟರೊಳಗೆ ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣ ಬಿಸಿಗೂ ಒತ್ತಡಕ್ಕೂ ಸಿಕ್ಕಿ ತಾನಾಗಿಯೇ ಒಮ್ಮೆಲೇ ಹೊತ್ತಿಕೊಂಡರೆ, ಲೋಹದ ಗೋಡೆಗಳು ಠಣಗುಡುತ್ತವೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ನಾಕಿಂಗ್. ತಗ್ಗಿನ ಗೇರಿಗೆ ಇಳಿಸದೆ ಏರು ಹತ್ತಿಸುವಾಗ ಹಳೆಯ ಕಾರುಗಳಲ್ಲಿ ಇದರ ಸಣ್ಣ ರೂಪ ಕೇಳಿಸುತ್ತಿತ್ತು. ಟರ್ಬೊ ಎಂಜಿನ್ನಿನಲ್ಲಿ ಅದು ಪಿಸ್ಟನ್ನಿನ ಅಂಚನ್ನೇ ಮುರಿಯಬಲ್ಲದು.

ಇಂಜೆಕ್ಷನ್ ಚುಚ್ಚುವ ಮುನ್ನ ನರ್ಸ್ ಸ್ಪಿರಿಟ್ ಸವರಿದರೆ ತೋಳು ತಣ್ಣಗಾಗುತ್ತದಲ್ಲ, ಎಂಜಿನ್ನಿನೊಳಗೆ ಎಥೆನಾಲ್ ಮಾಡುವುದೂ ಅದನ್ನೇ. ಆವಿಯಾಗಲು ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ಒಂದು ಕಿಲೋ ಪೆಟ್ರೋಲ್ ಆವಿಯಾಗಲು ಸುಮಾರು 350 ಕಿಲೋಜೂಲ್ ಸಾಕು, ಎಥೆನಾಲಿಗೆ 900ರ ಹತ್ತಿರ ಬೇಕು. ಜೊತೆಗೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಎಥೆನಾಲಿಗೆ 9 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಎಥೆನಾಲ್ ಸುರಿಯಬೇಕು. ಎರಡನ್ನೂ ಕೂಡಿಸಿದರೆ, ಶುದ್ಧ ಎಥೆನಾಲಿನ ತಂಪು ಪೆಟ್ರೋಲಿನದಕ್ಕಿಂತ ಸುಮಾರು 4 ಪಟ್ಟು. ತಾನಾಗಿ ಹೊತ್ತಿಕೊಳ್ಳದಿರುವ ಗುಣವನ್ನು ಅಳೆಯುವ ಆಕ್ಟೇನ್ ಅಂಕವೂ ಅದಕ್ಕೆ 108ರ ಆಸುಪಾಸಿನಲ್ಲಿದೆ.

ಹೆಚ್ಚು ಸುರಿಯಬೇಕು ಎಂದು ಬರೆಯುವುದು ಸುಲಭ. ಎಂಜಿನ್ 7,000 ಸುತ್ತಿನಲ್ಲಿ ಓಡುವಾಗ ಪ್ರತಿ ಸಿಲಿಂಡರ್ ಸೆಕೆಂಡಿಗೆ 58 ಸಲ ಉರಿಯುತ್ತದೆ. ಒಂದು ಸರದಿಗೆ ಸಿಗುವುದು 17 ಮಿಲಿಸೆಕೆಂಡ್. ಇಂಧನ ಚಿಮ್ಮಿಸುವ ಇಂಜೆಕ್ಟರ್ ಎಷ್ಟೇ ಹೊತ್ತು ಬಾಯಿ ತೆರೆದಿದ್ದರೂ ಆ 17ರೊಳಗೇ ಮುಗಿಸಬೇಕು. ಇ85ಗೆ ಪರಿಮಾಣದಲ್ಲಿ ಮೂರನೇ ಒಂದು ಪಾಲಿನಷ್ಟು ಹೆಚ್ಚುವರಿ ಇಂಧನ ಬೇಕಾಗುವುದರಿಂದ, ಕಾರ್ಖಾನೆಯ ಇಂಜೆಕ್ಟರ್ ಬಾಯಿ ಮುಚ್ಚದೆ ಸುರಿದರೂ ಸಾಲದು. ಹಾಗಾಗಿ ಮೊದಲು ದೊಡ್ಡ ಇಂಜೆಕ್ಟರ್, ಆಮೇಲೆ ಅದಕ್ಕೆ ತಕ್ಕ ಫ್ಯುಯೆಲ್ ಪಂಪ್, ಆ ಪಂಪು ಎಳೆಯುವ ಕರೆಂಟಿಗೆ ದಪ್ಪನೆಯ ವೈರು. ಆಲ್ಕೊಹಾಲಿಗೆ ಕೆಲವು ಬಗೆಯ ರಬ್ಬರ್ ತಾಳುವುದಿಲ್ಲ. ಆದ್ದರಿಂದ ಒಳಗೆ ಟೆಫ್ಲಾನ್ ಪದರವಿರುವ ಪೈಪುಗಳು. ಮೈಲೇಜ್ ಕುಸಿಯುತ್ತದೆ, ಅದಕ್ಕೆ ಮದ್ದಿಲ್ಲ.

ಹೆಸರಿನಲ್ಲಿ 85 ಇದೆಯೆಂದು ನಂಬುವ ಹಾಗೂ ಇಲ್ಲ. ಅಮೆರಿಕದ ನಿಯಮದ ಪ್ರಕಾರ ಇ85 ಎಂದು ಮಾರುವ ಇಂಧನದಲ್ಲಿ ಎಥೆನಾಲ್ ಶೇ 51ರಿಂದ 83ರವರೆಗೆ ಎಷ್ಟಾದರೂ ಇರಬಹುದು. ಚಳಿಯಲ್ಲಿ ಎಥೆನಾಲ್ ಸುಲಭವಾಗಿ ಆವಿಯಾಗದು, ಎಂಜಿನ್ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ. ಅದಕ್ಕೇ ಚಳಿಗಾಲದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುತ್ತಾರೆ. ಹಳೆಯ ಟ್ಯೂನರ್‌ಗಳು ಗೆರೆ ಹಾಕಿದ ಗಾಜಿನ ಕೊಳವೆಯಲ್ಲಿ ಅಳತೆಯ ನೀರು ಹಾಕಿ, ಮೇಲೆ ಇಂಧನ ಸುರಿದು, ಕುಲುಕಿ ನಿಲ್ಲಿಸುತ್ತಾರೆ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಸೇರಿಕೊಳ್ಳುತ್ತದೆ, ನೀರಿನ ಮಟ್ಟ ಮೇಲೇರುತ್ತದೆ. ಎಷ್ಟು ಏರಿತು ಎಂಬುದೇ ಉತ್ತರ. ಈಗ ಇಂಧನದ ಪೈಪಿನ ನಡುವೆಯೇ ಕೂರುವ ಸೆನ್ಸರ್ ಬಂದಿದೆ. ದ್ರವದ ವಿದ್ಯುತ್ ಗುಣವನ್ನು ಅಳೆದು ಅದು ಮಿಡಿತಗಳನ್ನು ಕಳಿಸುತ್ತದೆ: ಬರೀ ಪೆಟ್ರೋಲಿಗೆ ಸೆಕೆಂಡಿಗೆ 50, ಬರೀ ಎಥೆನಾಲಿಗೆ 150. ನಮ್ಮ ಬಂಕುಗಳ ಇ20 ಪೆಟ್ರೋಲನ್ನು ಅದರೊಳಗೆ ಹರಿಸಿದರೆ 70 ತೋರಿಸಬೇಕು. ಆ ಅಂಕಿಯನ್ನು ಹಿಡಿದು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಪೆಟ್ರೋಲಿನ ಲೆಕ್ಕಕ್ಕೂ ಎಥೆನಾಲಿನ ಲೆಕ್ಕಕ್ಕೂ ನಡುವಿನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ನಿಜವಾದ ಕುಶಲತೆ ಕಾಣುವುದು ಡೈನೊ ಮೇಲೆ. ಕಾರನ್ನು ಪಟ್ಟಿಗಳಿಂದ ಬಿಗಿದು ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಮುಂದೆ ದೊಡ್ಡ ಫ್ಯಾನ್ ಇಟ್ಟು, ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರವದು. ಟ್ಯೂನರನ ಮಡಿಲಲ್ಲಿ ಲ್ಯಾಪ್‌ಟಾಪ್, ಕಿವಿಯಲ್ಲಿ ಹೆಡ್‌ಫೋನ್. ಆ ಹೆಡ್‌ಫೋನಿನ ಇನ್ನೊಂದು ತುದಿ ಎಂಜಿನ್ನಿನ ಬ್ಲಾಕಿಗೆ ಬೋಲ್ಟ್ ಹಾಕಿದ ಸಣ್ಣ ಮೈಕ್. 85 ಮಿಲಿಮೀಟರ್ ಅಗಲದ ಸಿಲಿಂಡರಿನಲ್ಲಿ ನಾಕಿಂಗ್ ಆದರೆ ಅದು ಸೆಕೆಂಡಿಗೆ 6,000ದಿಂದ 7,000 ಕಂಪನಗಳ ದನಿ. ವಾಲ್ವುಗಳ ಟಕಟಕ, ಇಂಜೆಕ್ಟರುಗಳ ಚಟಪಟ, ಟರ್ಬೊದ ಸೀಟಿ ಎಲ್ಲದರ ನಡುವಿನಿಂದ ಆ ಒಂದೇ ಒಂದು 'ಟಿಕ್' ಅನ್ನು ಹೆಕ್ಕಿ ತೆಗೆಯುವುದು ಪಳಗಿದ ಕಿವಿಗೆ ಮಾತ್ರ ಸಾಧ್ಯ. ಇಸಿಯುಗೂ ತನ್ನದೇ ಸೆನ್ಸರ್ ಇದೆ, ಆದರೆ ಅದು ಎಷ್ಟೋ ಸಲ ವಾಲ್ವಿನ ಸದ್ದಿಗೇ ಬೆಚ್ಚುತ್ತದೆ.

ಟ್ಯೂನರ್ ಬದಲಿಸುವ ಮುಖ್ಯ ಅಂಕಿ ಟೈಮಿಂಗ್: ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕು ಎಂಬುದು. ಒಂದು ಓಟ, ಒಂದು ಡಿಗ್ರಿ ಮುಂದಕ್ಕೆ, ಮತ್ತೊಂದು ಓಟ. ಪೆಟ್ರೋಲಿನಲ್ಲಿ ಹೀಗೆ ಮಾಡುತ್ತಾ ಹೋದರೆ ಎಂಜಿನ್ನಿನ ತಿರುಚು ಬಲ ಏರುತ್ತಲೇ ಇರುತ್ತದೆ, ಆದರೆ ತುದಿ ಮುಟ್ಟುವ ಮೊದಲೇ 'ಟಿಕ್' ಕೇಳಿಸಿ ಆಟ ಮುಗಿಯುತ್ತದೆ. ಇ85ರಲ್ಲಿ ಇದು ಮಗುಚಿ ಬೀಳುತ್ತದೆ. ಒಂದು ಡಿಗ್ರಿಗೆ ಬಲ ಚೆನ್ನಾಗಿ ಏರುತ್ತದೆ, ಮುಂದಿನದಕ್ಕೆ ಸ್ವಲ್ಪ, ಅದರ ಮುಂದಿನದಕ್ಕೆ ಕೂದಲೆಳೆಯಷ್ಟು, ಆಮೇಲೆ ಏನೂ ಇಲ್ಲ. ಹೆಡ್‌ಫೋನಿನಲ್ಲಿ ಮಾತ್ರ ಒಂದು ಸದ್ದೂ ಇರುವುದಿಲ್ಲ. ಎಚ್ಚರಿಸುವ ದನಿ ಇಲ್ಲದ್ದರಿಂದ ಹೊಸಬರು ಇನ್ನೂ ಮುಂದೆ ಹೋಗುತ್ತಾರೆ. ಬಲ ಹೆಚ್ಚದೆ ಒತ್ತಡ ಮಾತ್ರ ಹೆಚ್ಚಿ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಹೆಡ್ ಗ್ಯಾಸ್ಕೆಟ್ ಸೋರುತ್ತದೆ. ಅನುಭವಿ ಟ್ಯೂನರ್ ಗ್ರಾಫ್ ಚಪ್ಪಟೆಯಾದ ಕಡೆಯಿಂದ ಒಂದೆರಡು ಡಿಗ್ರಿ ಹಿಂದಕ್ಕೆ ಬಂದು ಕೈ ಎತ್ತುತ್ತಾನೆ. ಕೊನೆಗೆ ಪ್ಲಗ್ಗುಗಳನ್ನು ಬಿಚ್ಚಿ, ಬಿಳಿಯ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡುತ್ತಾನೆ. ಅಲ್ಲಿ ಮಿನುಗುವ ಪುಡಿ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ಕಿವಿಗೆ ಏನೋ ತಪ್ಪಿಸಿಕೊಂಡಿದೆ ಎಂದರ್ಥ. ನನ್ನ ಮಟ್ಟಿಗೆ ಇಡೀ ಕಸುಬಿನಲ್ಲಿ ಬೆರಗು ಹುಟ್ಟಿಸುವುದು ಈ ನಿಲ್ಲಿಸುವ ಘಳಿಗೆಯೇ.

ಇ85 ಸಿಗದ ಊರಿನವರಿಗೆ ಇನ್ನೊಂದು ದಾರಿಯಿದೆ. ಪೆಟ್ರೋಲನ್ನೇ ಉರಿಸುತ್ತಾ, ಟರ್ಬೊ ಜೋರಾಗಿ ಊದುವಾಗ ಮಾತ್ರ ನೀರು ಮತ್ತು ಮೆಥೆನಾಲನ್ನು ಸಮಪಾಲು ಬೆರೆಸಿ ಗಾಳಿಯ ದಾರಿಗೆ ಸಿಂಪಡಿಸುವುದು. ಇದು ಹಳೆಯ ಉಪಾಯ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಯುದ್ಧವಿಮಾನಗಳು ಎಂಡಬ್ಲ್ಯು 50 ಎಂಬ ಇಂಥದೇ ಮಿಶ್ರಣ ಬಳಸುತ್ತಿದ್ದವು. 1962ರಲ್ಲಿ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರಿನಲ್ಲಿ ಇದನ್ನು ಮನೆಮಂದಿಗೂ ತಲುಪಿಸಿತು. ಎಷ್ಟೋ ಮಾಲೀಕರು ಆ ದ್ರವ ತುಂಬಿಸುವುದನ್ನೇ ಮರೆತರು. 1963ರ ನಂತರ ಕಾರು ನಿಂತುಹೋಯಿತು.

ಇಂದಿನ ಕಿಟ್‌ನಲ್ಲಿ ಡಿಕ್ಕಿಯಲ್ಲೊಂದು ತೊಟ್ಟಿ, 150 ಪಿಎಸ್ಐ ಮೀರಿದ ಒತ್ತಡದ ಪಂಪು, ಇಂಟರ್‌ಕೂಲರ್ ದಾಟಿದ ಮೇಲೆ ಪೈಪಿಗೆ ಕೊರೆದು ಕೂರಿಸಿದ ನಾಜಲ್ ಇರುತ್ತವೆ. ನಾಜಲ್ ಎಂಜಿನ್ನಿಗೆ ತೀರಾ ಹತ್ತಿರವಾದರೆ ಮಂಜು ಆವಿಯಾಗಲು ಸಮಯ ಸಾಲದು, ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹೋಗುತ್ತದೆ. ತೀರಾ ಬೇಗ ಸಿಂಪಡಿಸಿದರೆ ಎಂಜಿನ್ ತೊದಲುತ್ತದೆ. ಹೀಗಾಗಿ ಕಂಟ್ರೋಲರ್ ಒತ್ತಡ ಏರಿದಂತೆ ಪಂಪಿನ ವೇಗವನ್ನೂ ಏರಿಸುತ್ತದೆ. ಟೈಮಿಂಗ್ ಎಲ್ಲ ಈ ಮಂಜನ್ನು ನಂಬಿ ನಿಂತಿರುತ್ತದೆ. ಕಸ ಕಟ್ಟಿ ನಾಜಲ್ ಮುಚ್ಚಿದರೆ ಒಂದೇ ಓಟದಲ್ಲಿ ಎಂಜಿನ್ ಹೋಗಬಹುದು. ಅದಕ್ಕೇ ಹರಿವು ಅಳೆಯುವ ಸೆನ್ಸರ್ ಇಟ್ಟು, ಹರಿವು ಕುಗ್ಗಿದ ಕೂಡಲೇ ಟರ್ಬೊದ ಒತ್ತಡ ಇಳಿಯುವಂತೆ ಮಾಡುತ್ತಾರೆ. ಅದಿಲ್ಲದೆ ಕಿಟ್ ಹಾಕಿಕೊಡುವುದು ಹೊಣೆಗೇಡಿತನ ಎಂದೇ ನನ್ನ ಅಭಿಪ್ರಾಯ.

ಮೆಥೆನಾಲ್ ಮುಟ್ಟುವವರು ಕೈಗವಸು ತೆಗೆಯುವುದಿಲ್ಲ. ನಮ್ಮಲ್ಲಿ ಕಳ್ಳಬಟ್ಟಿ ಕುಡಿದವರ ಕಣ್ಣನ್ನೂ ಜೀವವನ್ನೂ ತೆಗೆಯುವ ವಿಷ ಇದೇ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಅದರ ಜ್ವಾಲೆ ಹಗಲಿನಲ್ಲಿ ಕಾಣುವುದಿಲ್ಲ. 1981ರ ಇಂಡಿಯಾನಾಪೊಲಿಸ್ ರೇಸಿನಲ್ಲಿ ಚಾಲಕ ರಿಕ್ ಮಿಯರ್ಸ್ ಅವರ ಕಾರಿಗೂ ಮೈಗೂ ಇದೇ ಮೆಥೆನಾಲಿನ ಬೆಂಕಿ ಹತ್ತಿದಾಗ, ಏನಾಗುತ್ತಿದೆ ಎಂಬುದು ಸುತ್ತಲಿನವರಿಗೆ ಕೂಡಲೇ ತಿಳಿಯಲಿಲ್ಲ.

ಕೀಲಿ ಕೈಗಿಡುವ ಮುಂಚೆ ಟ್ಯೂನರ್ ಮಾಲೀಕನಿಗೆ ಹೇಳುವುದು ಕೆಲವೇ ಮಾತು. ಇ85 ಓಡಿಸುವವರು ಎಂಜಿನ್ ಆಯಿಲನ್ನು ಬೇಗ ಬೇಗ ಬದಲಿಸಬೇಕು, ಏಕೆಂದರೆ ತಣ್ಣನೆಯ ಎಂಜಿನ್ನಿನಲ್ಲಿ ಆವಿಯಾಗದ ಎಥೆನಾಲ್ ಆಯಿಲಿಗೆ ಇಳಿಯುತ್ತದೆ. ತಿಂಗಳುಗಟ್ಟಲೆ ಕಾರು ನಿಲ್ಲಿಸುವುದಿದ್ದರೆ ಟ್ಯಾಂಕಿನಲ್ಲಿ ಇ85 ಬಿಡಬಾರದು. ಅದು ಗಾಳಿಯ ತೇವ ಹೀರಿ ಪಂಪಿಗೂ ಇಂಜೆಕ್ಟರಿಗೂ ತುಕ್ಕು ತರುತ್ತದೆ. ಪೆಟ್ರೋಲ್ ತುಂಬಿಸಿ, ಸೆನ್ಸರಿನ ಅಂಕಿ ಕೆಳಗಿಳಿಯುವವರೆಗೆ ಎಂಜಿನ್ ಓಡಿಸಿ, ಆಮೇಲೆ ಹೊದಿಕೆ ಹಾಕಬೇಕು.