ಜ್ವರಕ್ಕೂ ಗಂಡು-ಹೆಣ್ಣೆಂಬ ಭೇದವೇ?

ಮನೆಮಂದಿಗೆಲ್ಲ ಒಟ್ಟಿಗೇ ಜ್ವರ ಬಂದಾಗ ನೀವು ಗಮನಿಸಿರಬಹುದು. ಯಜಮಾನರು "ಅಯ್ಯೋ, ಮೈಕೈ ನೋವು ಕಣೇ" ಎಂದು ಕಂಬಳಿ ಹೊದ್ದು ಮಲಗಿಬಿಡುತ್ತಾರೆ. ನೀವೋ, ಮೂಗು ಒರೆಸಿಕೊಳ್ಳುತ್ತಲೇ ಗಂಜಿ ಕಾಯಿಸುತ್ತೀರಿ. "ಗಂಡಸರದ್ದೆಲ್ಲ ಬರೀ ನಾಟಕ" ಎಂದು ನಗಬೇಡಿ. ಅದರಲ್ಲಿ ಸ್ವಲ್ಪ ನಿಜವೂ ಇದ್ದೀತು!

2020ರಲ್ಲಿ ಕೋವಿಡ್ ಪಿಡುಗು ಹರಡಿದಾಗ ಅನೇಕ ದೇಶಗಳಲ್ಲಿ ಹೆಂಗಸರಿಗಿಂತ ಗಂಡಸರೇ ಹೆಚ್ಚಾಗಿ ಸತ್ತರು. ಬೀಡಿ-ಸಿಗರೇಟು, ಹೃದ್ರೋಗ ಇವು ಕೆಲವು ಕಾರಣ. ಹಾರ್ಮೋನುಗಳ ಪಾತ್ರವೂ ಇದೆಯೆನ್ನುತ್ತಾರೆ ವಿಜ್ಞಾನಿಗಳು. ಹೆಣ್ಣಿನ ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜೆನ್ ರೋಗ ನಿರೋಧಕ ಶಕ್ತಿಗೆ ಸಾಮಾನ್ಯವಾಗಿ ಒತ್ತಾಸೆ ಕೊಡುತ್ತದೆ. ಗಂಡಸಿನ ಟೆಸ್ಟಾಸ್ಟೆರಾನ್ ಅದನ್ನು ತುಸು ತಗ್ಗಿಸುತ್ತದೆ. ಫ್ಲೂ ಲಸಿಕೆ ಹಾಕಿಸಿಕೊಂಡಾಗಲೂ ರೋಗ ತಡೆಯುವ ಪ್ರತಿಕಾಯಗಳು ಹೆಂಗಸರಲ್ಲೇ ಹೆಚ್ಚಾಗಿ ಹುಟ್ಟುತ್ತವೆ.

ಹಾಗೆಂದು ಬೀಗಬೇಕಾಗಿಲ್ಲ. ಕಾವಲುಗಾರ ಅತಿ ಚುರುಕಾದರೆ ಮನೆಯವರನ್ನೇ ಹೊಡೆದಾನು. ದೇಹವು ತನ್ನ ಮೇಲೇ ತಿರುಗಿಬೀಳುವ ಕೆಲವು ಬಗೆಯ ಕೀಲುವಾತ, ಥೈರಾಯ್ಡ್ ತೊಂದರೆಗಳು ಹೆಂಗಸರಿಗೇ ಹೆಚ್ಚು. ಮುಟ್ಟು ನಿಂತ ಮೇಲಂತೂ ಈಸ್ಟ್ರೋಜೆನ್ ಇಳಿದುಹೋಗುತ್ತದೆ. ವಯಸ್ಸಾದವರು ಅದನ್ನು ನಂಬಿ ಕೂರುವಂತಿಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಬಸಿರಿನಲ್ಲಿ. ಹೊಟ್ಟೆಯ ಕೂಸಿನಲ್ಲಿ ತಂದೆಯ ಅಂಶವೂ ಉಂಟಲ್ಲವೆ? ಅದನ್ನು ಪರಕೀಯವೆಂದು ದೂಡದಂತೆ ತಾಯಿಯ ರಕ್ಷಣಾ ವ್ಯವಸ್ಥೆ ತನ್ನ ವರಸೆಯನ್ನೇ ಬದಲಿಸುತ್ತದೆ. ಏರಿದ ಹಾರ್ಮೋನುಗಳು ಇದಕ್ಕೆ ನೆರವಾಗುತ್ತವೆ. ಜೊತೆಗೆ ಬೆಳೆದ ಗರ್ಭ ಮೇಲಕ್ಕೊತ್ತಿ ಶ್ವಾಸಕೋಶಕ್ಕೆ ಎಡೆ ಕಡಿಮೆಯಾಗುತ್ತದೆ. 1918ರ ಇನ್‌ಫ್ಲುಯೆಂಜಾದಲ್ಲೂ 2009ರ ಹಂದಿಜ್ವರದಲ್ಲೂ ಬಸುರಿಯರಿಗೆ ಸಾವಿನ ಅಪಾಯ ಹೆಚ್ಚಾಗಿತ್ತು.

ಆದ್ದರಿಂದ ಹೆರಿಗೆಗೆ ಬಂದ ಮಗಳಿಗೆ ಜ್ವರ-ಕೆಮ್ಮು ಕಾಣಿಸಿದರೆ "ಇದೆಲ್ಲ ಇದ್ದದ್ದೇ, ಕಷಾಯ ಕುಡಿದು ಮಲಗು" ಎಂದುಬಿಡಬೇಡಿ. ಕಷಾಯ ಇರಲಿ, ಅಂದೇ ವೈದ್ಯರಿಗೂ ತೋರಿಸಿ. ಫ್ಲೂ ಔಷಧಿಯನ್ನು ಮೊದಲ ಎರಡು ದಿನಗಳೊಳಗೆ ಆರಂಭಿಸಿದರೇ ಗುಣ ಹೆಚ್ಚು. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಬೆಳಗಾಗಲೆಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಫ್ಲೂ ಚುಚ್ಚುಮದ್ದನ್ನು ಬಸುರಿಯರು ಹಾಕಿಸಿಕೊಳ್ಳಬಹುದು. ಹುಟ್ಟುವ ಮಗುವಿಗೂ ಮೊದಲ ಕೆಲವು ತಿಂಗಳು ಅದರ ರಕ್ಷೆ ಸಿಗುತ್ತದೆ. ವೈದ್ಯರನ್ನು ಕೇಳಿ.

"ಹಾಗಾದರೆ ಹಾರ್ಮೋನು ಮಾತ್ರೆ ನುಂಗಿದರಾಯ್ತಲ್ಲ?" ಎನ್ನುವಿರಾ? ಖಂಡಿತ ಬೇಡಿ. ನೆಗಡಿ-ಜ್ವರಕ್ಕೆ ಅದು ಮದ್ದಲ್ಲ, ಅಡ್ಡ ಪರಿಣಾಮಗಳೂ ಉಂಟು.

ಕೊನೆಗೊಂದು ಮಾತು. ರೋಗಿಯ ಶುಶ್ರೂಷೆ ಮಾಡುವ ನಿಮಗೆ ಸೋಂಕು ತಗಲುವ ಸಂಭವ ಹೆಚ್ಚು. ಮೂಗು-ಬಾಯಿಗೆ ಮಾಸ್ಕ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಸೋಪು ಹಚ್ಚಿ ಕೈ ತೊಳೆಯಿರಿ. ನಿಮಗೂ ಜ್ವರವಿದ್ದರೆ ಒಂದು ದಿನ ಯಜಮಾನರೇ ಗಂಜಿ ಕಾಯಿಸಲಿ, ಬಿಡಿ!